ಹಾವಿನ ಸುರುಳಿಯಿಂದ ಎದ್ದ ಗಾಳಿ

1848ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕದ ಜೊತೆ ಎರಡು ಪಾರದರ್ಶಕ ಹಾಳೆಗಳನ್ನೂ ಕೊಡುತ್ತಿದ್ದರು. ಪ್ರಾಣಿಯ ಕೊಂಬನ್ನು ಆಚೆಗಿರುವುದು ಕಾಣುವಷ್ಟು ತೆಳ್ಳಗೆ ಮಾಡಿದ ಹಾಳೆಗಳು ಅವು. ಹಾಳೆಯ ತುಂಬ ಒಂದರೊಳಗೊಂದು ವೃತ್ತ, ವೃತ್ತದ ಗುಂಟ ಗಾಳಿ ಎತ್ತ ಬೀಸುತ್ತದೆಂದು ತೋರಿಸುವ ಗುರುತುಗಳು. ಸಮಭಾಜಕ ವೃತ್ತದ ಉತ್ತರಕ್ಕಿರುವ ಹಡಗಿಗೆ ಒಂದು ಹಾಳೆ, ದಕ್ಷಿಣಕ್ಕಿರುವ ಹಡಗಿಗೆ ಇನ್ನೊಂದು. ಬಿರುಗಾಳಿಗೆ ಸಿಕ್ಕಿದ ಕಪ್ತಾನ ಕಡಲಿನ ನಕಾಶೆ ಬಿಡಿಸಿ, ತನ್ನ ಹಡಗು ಇರುವ ಚುಕ್ಕೆಯ ಮೇಲೆ ಈ ಹಾಳೆಯನ್ನಿಟ್ಟು, ತನಗೆ ಬೀಸುತ್ತಿರುವ ಗಾಳಿಯ ದಿಕ್ಕಿಗೆ ಹಾಳೆಯ ಮೇಲಿನ ದಿಕ್ಕು ಹೊಂದುವವರೆಗೆ ಸರಿಸಬೇಕು. ಆಗ ಹಾಳೆಯ ನಡುಬಿಂದು ನಕಾಶೆಯ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಬಿರುಗಾಳಿಯ ಹೊಕ್ಕುಳಿದೆ. ಅದರಿಂದ ದೂರ ಓಡುವ ದಾರಿಯೂ ಆಗ ಕಣ್ಣಿಗೆ ಕಾಣುತ್ತದೆ.

ಪುಸ್ತಕದ ಹೆಸರು ‘ದಿ ಸೇಲರ್ಸ್ ಹಾರ್ನ್‌ಬುಕ್ ಫಾರ್ ದಿ ಲಾ ಆಫ್ ಸ್ಟಾರ್ಮ್ಸ್’. ಹಾರ್ನ್‌ಬುಕ್ ಎಂದರೆ ಇಂಗ್ಲೆಂಡಿನ ಮಕ್ಕಳು ಅಕ್ಷರ ಕಲಿಯುತ್ತಿದ್ದ ಹಿಡಿಕೆಯ ಹಲಗೆ. ಹಲಗೆಗೆ ಅಕ್ಷರಮಾಲೆಯ ಹಾಳೆ ಅಂಟಿಸಿ, ಮಕ್ಕಳ ಕೈಯಲ್ಲಿ ಹಾಳಾಗದಂತೆ ಮೇಲೆ ಕೊಂಬಿನ ತೆಳುಪದರ ಹೊದಿಸುತ್ತಿದ್ದರು. ಹಾಗಾಗಿ ಪುಸ್ತಕದ ಹೆಸರನ್ನು ‘ನಾವಿಕರ ಬಾಲಬೋಧೆ’ ಎಂದು ಓದಿಕೊಂಡರೆ ತಪ್ಪಿಲ್ಲ. ಕೊಂಬಿನ ಹಾಳೆಯ ಚೇಷ್ಟೆಯೂ ಅದರಲ್ಲಿ ಅಡಗಿದೆ. ಬರೆದವನು ಹೆನ್ರಿ ಪಿಡಿಂಗ್ಟನ್, ಇದ್ದದ್ದು ಕಲ್ಕತ್ತೆಯಲ್ಲಿ. ‘ಸೈಕ್ಲೋನ್’ ಎಂಬ ಪದ ಲೋಕಕ್ಕೆ ಬಂದದ್ದು ಈ ಬಾಲಬೋಧೆಯಿಂದ.

ರೇನ್, ವಿಂಡ್, ಸ್ಟಾರ್ಮ್, ಸ್ನೋ ಮುಂತಾದ ಇಂಗ್ಲಿಷ್ ಪದಗಳ ಹುಟ್ಟನ್ನು ಹುಡುಕುತ್ತ ಹೋದರೆ ಹಳೆಯ ಜರ್ಮಾನಿಕ್ ನುಡಿಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ. ಅವನ್ನು ಮೊದಲು ಆಡಿದವರು ಯಾರೆಂದು ಹೇಳುವ ಹಾಗಿಲ್ಲ. ಸೈಕ್ಲೋನ್ ಹಾಗಲ್ಲ. ಅದಕ್ಕೆ ತಂದೆಯಿದ್ದಾನೆ, ಊರಿದೆ, ವರ್ಷವಿದೆ, ಇಂಥದ್ದಕ್ಕೇ ಬೇಕು ಎಂಬ ಕಾರಣವೂ ಇದೆ. ಊರು ನಮ್ಮ ದೇಶದ್ದೇ.

ಪಿಡಿಂಗ್ಟನ್ (1797–1858) ವ್ಯಾಪಾರದ ಹಡಗುಗಳಲ್ಲಿ ದುಡಿದು, ಕೊನೆಗೆ ಬಂಗಾಳದಲ್ಲಿ ನೆಲೆನಿಂತ ಇಂಗ್ಲಿಷ್ ಮನುಷ್ಯ. ಆ ಕಾಲದ ಕಂಪನಿ ಸರ್ಕಾರದ ಅಂಚಿನಲ್ಲಿ ಇಂಥವರು ಹಲವರಿದ್ದರು. ಒಂದೇ ತಲೆಗೆ ನಾಲ್ಕಾರು ಪೇಟ. ಭಾರತದ ಸಸ್ಯಗಳ ಹೆಸರುಗಳಿಗೆ 1832ರಲ್ಲಿ ಒಂದು ಸೂಚಿ ಮಾಡಿದ. ಕಲ್ಕತ್ತೆಯಲ್ಲಿ ಖನಿಜ, ಮಣ್ಣುಗಳ ಮ್ಯೂಸಿಯಂ ನೋಡಿಕೊಂಡ. ಹಡಗುಗಳ ಅಪಘಾತ ವಿಚಾರಿಸುವ ಮರೀನ್ ಕೋರ್ಟಿನ ಅಧ್ಯಕ್ಷನೂ ಆದ. ನಮ್ಮ ಕಥೆಗೆ ಬೇಕಾದದ್ದು ಈ ಕೊನೆಯ ಪೇಟ. ಹಡಗು ಕಳೆದುಕೊಂಡ ಕಪ್ತಾನರು, ಕೂವೆಮರ ಮುರಿದುಕೊಂಡು ಹೇಗೋ ಹೂಗ್ಲಿ ನದಿಗೆ ನುಗ್ಗಿ ಬದುಕಿದ ಕಪ್ತಾನರು, ಎಲ್ಲರ ಹೇಳಿಕೆಯೂ ಅಲ್ಲಿ ಸಿಗುತ್ತಿತ್ತು. ಹೇಳಿಕೆಗಿಂತ ಮುಖ್ಯವಾಗಿ ಅವರ ಲಾಗ್‌ಬುಕ್ಕುಗಳು. ಎಷ್ಟು ಗಂಟೆಗೆ ಹಡಗು ಎಲ್ಲಿತ್ತು, ಗಾಳಿ ಎತ್ತಣಿಂದ ಬೀಸಿತು, ವಾಯುಭಾರಮಾಪಕ ಎಷ್ಟು ಇಳಿಯಿತು ಎಂಬುದನ್ನೆಲ್ಲ ಬರೆದಿಡುವುದು ನಾವಿಕರ ರೂಢಿ. ಒಂದೇ ಬಿರುಗಾಳಿಗೆ ಬೇರೆ ಬೇರೆ ಕಡೆ ಸಿಕ್ಕಿದ ಹತ್ತಾರು ಹಡಗುಗಳ ಲಾಗ್‌ಬುಕ್ಕುಗಳನ್ನು ಒಟ್ಟುಮಾಡಿ, ಒಂದೇ ಗಂಟೆಯ ಲೆಕ್ಕವನ್ನು ಒಂದೇ ನಕಾಶೆಯ ಮೇಲೆ ಗುರುತಿಸುವುದು ಪಿಡಿಂಗ್ಟನ್ನನ ಕೆಲಸವಾಯಿತು. 1839ರಿಂದ ವರ್ಷಗಟ್ಟಲೆ, ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದಾದ ಮೇಲೊಂದು ಬಿರುಗಾಳಿಯ ಜಾತಕ ಬರೆಯುತ್ತ ಹೋದ.

ಈ ಹುಚ್ಚು ಹತ್ತಿಸಿದವನು ವಿಲಿಯಂ ರೀಡ್ ಎಂಬ ಸೇನೆಯ ಎಂಜಿನಿಯರ್. 1831ರ ಹರಿಕೇನ್ ಬಾರ್ಬಡೋಸ್ ದ್ವೀಪವನ್ನು ನೆಲಸಮ ಮಾಡಿದಾಗ, ಬಿದ್ದ ಕಟ್ಟಡಗಳನ್ನು ಮತ್ತೆ ಕಟ್ಟಿಸಲು ಹೋದವನು ಕಟ್ಟಡ ಬಿಟ್ಟು ಗಾಳಿಯ ಹಿಂದೆ ಬಿದ್ದ. 1838ರಲ್ಲಿ ಬಿರುಗಾಳಿಯ ನಿಯಮಗಳ ಮೇಲೆ ಆತ ಬರೆದ ಪುಸ್ತಕ ಕಲ್ಕತ್ತೆಗೂ ಬಂತು. ರೀಡ್‌ಗಿಂತ ಮೊದಲು ಅಮೆರಿಕದ ವಿಲಿಯಂ ರೆಡ್‌ಫೀಲ್ಡ್. ಜೀನು ಹೊಲಿಯುವ ಕಸುಬು ಕಲಿತಿದ್ದ ಈತ 1821ರ ಬಿರುಗಾಳಿಯ ನಂತರ ಕನೆಕ್ಟಿಕಟ್ ಸೀಮೆಯಲ್ಲಿ ಹೋಗುವಾಗ, ಒಂದು ಕಡೆ ಮರಗಳೆಲ್ಲ ವಾಯವ್ಯಕ್ಕೆ ತಲೆಯಿಟ್ಟು ಬಿದ್ದಿದ್ದರೆ ಇನ್ನೊಂದು ಕಡೆ ಅದರ ವಿರುದ್ಧ ದಿಕ್ಕಿಗೆ ಉರುಳಿದ್ದನ್ನು ಕಂಡ. ನೇರವಾಗಿ ಬೀಸಿದ ಗಾಳಿ ಹಾಗೆ ಮಾಡಲಾರದು, ಗಾಳಿ ಸುತ್ತುತ್ತಿರಬೇಕು. ಹತ್ತು ವರ್ಷದ ನಂತರ, 1831ರಲ್ಲಿ, ಅದನ್ನು ಅಚ್ಚು ಹಾಕಿಸಿದ. ಜೇಮ್ಸ್ ಎಸ್ಪಿ ಎಂಬಾತ ಅದನ್ನು ಒಪ್ಪಲಿಲ್ಲ. ಗಾಳಿ ಸುತ್ತುವುದಿಲ್ಲ, ಎಲ್ಲ ದಿಕ್ಕಿನಿಂದಲೂ ನೇರ ನಡುವಿಗೆ ನುಗ್ಗಿ ಮೇಲೇರುತ್ತದೆ ಎಂಬುದು ಆತನ ವಾದ. ಇಬ್ಬರ ಜಗಳ ವರ್ಷಾನುಗಟ್ಟಲೆ ನಡೆಯಿತು.

ಇಲ್ಲಿ ಹೆಸರಿನ ಸಮಸ್ಯೆ ಎದ್ದಿತು. ಆಗ ಇದ್ದ ಪದಗಳೆಲ್ಲ ಒಂದೋ ಜಾಗದ ಪದಗಳು, ಇಲ್ಲವೇ ಆರ್ಭಟದ ಪದಗಳು. ಹರಿಕೇನ್ ಎಂದರೆ ಕೆರಿಬಿಯನ್ ದ್ವೀಪಗಳ ಗಾಳಿ. ಅಲ್ಲಿಯ ತೈನೊ ಜನರ ಮಾತು ಸ್ಪ್ಯಾನಿಷರ ಬಾಯಿಗೆ ಸಿಕ್ಕಿ ಇಂಗ್ಲಿಷಿಗೆ ಬಂದದ್ದು. ಶೇಕ್ಸ್‌ಪಿಯರ್ ‘ಕಿಂಗ್ ಲಿಯರ್’ನಲ್ಲಿ ಅದರ ಒಂದು ರೂಪವನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಆಕಾಶಕ್ಕೂ ಕಡಲಿಗೂ ಕಂಬ ನೆಟ್ಟಂತೆ ಸುರಿಯುವ ನೀರು, ಅಷ್ಟರ ಮಟ್ಟಿಗೆ ಪದದ ಅರ್ಥ ಇನ್ನೂ ಗಟ್ಟಿಯಾಗಿರಲಿಲ್ಲ. ಟೈಫೂನ್ ಎಂದರೆ ಚೀನಾದ ಕಡಲು. ಗೇಲ್ ಎಂದರೆ ಜೋರು ಗಾಳಿ, ಟೆಂಪೆಸ್ಟ್ ಎಂದರೆ ಇನ್ನೂ ಜೋರು. ಗಾಳಿ ಸುತ್ತುತ್ತದೆಯೇ ಇಲ್ಲವೇ ಎಂಬ ಮಾತು ಇವು ಯಾವುದರ ಹೊಟ್ಟೆಯಲ್ಲೂ ಇಲ್ಲ. ಓಡಬೇಕಾದ ಕಪ್ತಾನನಿಗೆ ಬೇಕಾದದ್ದು ಅದೊಂದೇ.

ಟೈಫೂನಿನ ದಾರಿ ಸ್ವಲ್ಪ ನಿಂತು ನೋಡುವಂಥದ್ದು, ಯಾಕೆಂದರೆ ಅದು ಹಂಪೆಯ ಪಕ್ಕದಲ್ಲೇ ಹಾದುಹೋಗಿದೆ. ವೆನಿಸ್ಸಿನ ವರ್ತಕ ಸಿಸಾರೆ ಫೆಡೆರಿಚಿ 1567ರಲ್ಲಿ, ಅಂದರೆ ರಕ್ಕಸತಂಗಡಿಯ ಯುದ್ಧವಾಗಿ ಎರಡು ವರ್ಷಕ್ಕೆ, ವಿಜಯನಗರಕ್ಕೆ ಬಂದು ಏಳು ತಿಂಗಳಿದ್ದ. ಮನೆಗಳು ನಿಂತಿದ್ದು ಜನರಿಲ್ಲದ ಆ ಊರನ್ನು ಕುರಿತು ಆತ ಬರೆದದ್ದನ್ನು ನಮ್ಮ ಇತಿಹಾಸಕಾರರು ಇಂದಿಗೂ ಎತ್ತಿ ಹೇಳುತ್ತಾರೆ. ಅದೇ ಪ್ರವಾಸಕಥನದಲ್ಲಿ, ಮುಂದೆ ಬಂಗಾಳ ಕೊಲ್ಲಿಯಲ್ಲಿ ಹಡಗು ಹತ್ತಿದಾಗ, ಅದು ‘ತೂಫಾನಿನ ವರ್ಷ’ವಾಗಿತ್ತೆಂದೂ, ಆ ಕಡಲಿನಲ್ಲಿ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ನಂಬಲಾಗದ ಬಿರುಗಾಳಿ ಏಳುತ್ತದೆಂದೂ ಬರೆದಿದ್ದಾನೆ. 1588ರಲ್ಲಿ ಅದು ಇಂಗ್ಲಿಷಿಗೆ ಬಂತು. ಟೈಫೂನ್ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಮೊದಮೊದಲ ಕಡೆಗಳಲ್ಲಿ ಅದೂ ಒಂದು. ಎಂದರೆ, ಇಂದು ಚೀನಾ, ಜಪಾನಿನ ಗಾಳಿಗೆ ಮೀಸಲಾದ ಪದ ಇಂಗ್ಲಿಷಿನೊಳಗೆ ಕಾಲಿಟ್ಟದ್ದು ನಮ್ಮ ಕೊಲ್ಲಿಯ ಗಾಳಿಯ ಹೆಸರಾಗಿ. ಅರಬಿ, ಪಾರಸಿಗಳ ‘ತೂಫಾನ್’, ಪೋರ್ಚುಗೀಸರ ಉಚ್ಚಾರ, ಗ್ರೀಕರ ‘ಟೈಫೋನ್’ ಎಂಬ ರಾಕ್ಷಸ, ಚೀನೀಯರ ‘ದೊಡ್ಡ ಗಾಳಿ’ ಎಲ್ಲ ಬೆರೆತು ಇವತ್ತಿನ ರೂಪ ಬಂದಿದೆ. ಪಾರಸಿ ತೂಫಾನು ಕನ್ನಡಕ್ಕೂ ಬಂತು. ಕರಾವಳಿಯ ಮೀನುಗಾರರ ಬಾಯಲ್ಲಿ ಅದು ಗಾಳಿಯಾಗಿಯೇ ಉಳಿಯಿತು. ಕಲಬುರಗಿ, ವಿಜಯಪುರಗಳ ಕಡೆ ಹೋದರೆ ‘ತೂಫಾನ್’ ಎಂದರೆ ಹದಿನೈದು ಇಪ್ಪತ್ತು ಜನರನ್ನು ತುಂಬಿಕೊಂಡು ಓಡುವ ಗಾಡಿ!

ಮತ್ತೆ ಕಲ್ಕತ್ತೆಗೆ. ಪಿಡಿಂಗ್ಟನ್ನನ ಕಡತಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚಾರ್ಲ್ಸ್ ಹೆಡ್ಲ್ ಎಂಬ ಹಡಗಿನ ಕಥೆ. 1845ರ ಫೆಬ್ರವರಿಯಲ್ಲಿ ಮಾರಿಷಸ್ಸಿನ ಬಳಿ ಬಿರುಗಾಳಿಗೆ ಸಿಕ್ಕಿದ ಈ ಎರಡು ಕೂವೆಮರದ ಹಡಗು, ಅಂದಿನ ರೂಢಿಯಂತೆ, ಗಾಳಿಗೆ ಬೆನ್ನು ಕೊಟ್ಟು ಓಡಿತು. ಗಾಳಿ ತಳ್ಳಿದ ಕಡೆಗೆ ಹೋದರೆ ಎಂದಾದರೂ ಗಾಳಿಯಿಂದ ಹೊರಗೆ ಬಿದ್ದೇವು ಎಂಬ ಲೆಕ್ಕ. ಐದು ದಿನ ಓಡಿತು. ಲಾಗ್‌ಬುಕ್ಕಿನ ಲೆಕ್ಕ ತೆಗೆದು ನಕಾಶೆಯ ಮೇಲೆ ಗೆರೆ ಎಳೆದಾಗ ಪಿಡಿಂಗ್ಟನ್ನನಿಗೆ ಕಂಡದ್ದೇನು? ಹಡಗು ಬಿರುಗಾಳಿಯ ನಡುವಿನ ಸುತ್ತ ಐದು ಪ್ರದಕ್ಷಿಣೆ ಹಾಕಿದೆ! ಸಾವಿರ ಮೈಲಿಗೂ ಹೆಚ್ಚು ಓಡಿದ್ದರೂ, ಹೊರಟ ಜಾಗದಿಂದ ದೂರ ಹೋದದ್ದು ಅದರ ಒಂದು ಪಾಲು ಮಾತ್ರ. ಅಷ್ಟೂ ಬಿರುಗಾಳಿಯೇ ತಾನು ಸಾಗುವಾಗ ಹೊತ್ತೊಯ್ದ ದೂರ. ಗಾಳಿ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಆದರೆ ಆ ಸುತ್ತು ಪೂರ್ತಿ ವೃತ್ತವಲ್ಲ. ಪಿಡಿಂಗ್ಟನ್ನನ ಜಾಣತನ ಇರುವುದು ಇಲ್ಲಿ. ರೆಡ್‌ಫೀಲ್ಡ್ ಹೇಳಿದಂತೆ ವೃತ್ತವೋ, ಎಸ್ಪಿ ಹೇಳಿದಂತೆ ಒಳನುಗ್ಗುವಿಕೆಯೋ ಎಂಬ ಜಗಳಕ್ಕೆ ಸಿಕ್ಕಿಕೊಳ್ಳದ ಪದ ಅವನಿಗೆ ಬೇಕಿತ್ತು. ಗಾಳಿಗೆ ಸುತ್ತುವ ಗುಣವಿದೆ ಎಂದು ಹೇಳಬೇಕು, ಅದು ಕಂಪಾಸಿನಲ್ಲಿ ಎಳೆದ ವೃತ್ತ ಎಂದು ಆಣೆ ಮಾಡಬಾರದು. ಗ್ರೀಕಿನ ‘ಕೈಕ್ಲೋಸ್’ ಪದವನ್ನು ಹಿಡಿದ. ಅದಕ್ಕೆ ಇತರ ಅರ್ಥಗಳ ಜೊತೆ ಹಾವಿನ ಸುರುಳಿ ಎಂಬ ಅರ್ಥವೂ ಇದೆ ಎಂದು ವಿವರಿಸಿದ. ಸುತ್ತಿಕೊಂಡು ಮಲಗಿದ ಹಾವಿನ ಮೈ ವೃತ್ತದಂತೆ ಕಂಡರೂ ಬಾಲದಿಂದ ತಲೆಯ ಕಡೆ ಒಳಒಳಗೆ ಸರಿಯುತ್ತ ಹೋಗುತ್ತದೆ. ಬಿರುಗಾಳಿಯ ಗಾಳಿಯೂ ಹಾಗೆಯೇ ಸುತ್ತುತ್ತಲೇ ಒಳಗೆ ಸರಿಯುತ್ತದೆ ಎಂದು ಮುಂದೆ ಮಾರಿಷಸ್ಸಿನ ವೀಕ್ಷಣಾಲಯದ ಚಾರ್ಲ್ಸ್ ಮೆಲ್ಡ್ರಂ ತೋರಿಸಿಕೊಟ್ಟ. ಕೊಂಬಿನ ಹಾಳೆಯ ವೃತ್ತಗಳಿಗಿಂತ ಅದನ್ನು ಮಾಡಿದವನು ಕೊಟ್ಟ ಹೆಸರೇ ಹೆಚ್ಚು ನಿಖರವಾಗಿತ್ತು.

ಗ್ರೀಕ್ ಬಲ್ಲವರು ಮಾತ್ರ ಮೂಗು ಮುರಿದರು. ಕೈಕ್ಲೋಸ್ ಎಂದರೆ ವೃತ್ತ, ಗಾಲಿ. ಹಾವಿನ ಸುರುಳಿಗೆ ಗ್ರೀಕಿನಲ್ಲಿ ‘ಕೈಕ್ಲೋಮ’ ಎನ್ನಬೇಕು. ಆ ಲೆಕ್ಕದಲ್ಲಿ ಪದ ಸೈಕ್ಲೋಮ್ ಆಗಬೇಕಿತ್ತೇ ಹೊರತು ಸೈಕ್ಲೋನ್ ಅಲ್ಲ. ವ್ಯಾಕರಣದ ತಕ್ಕಡಿಯಲ್ಲಿ ಅವರು ಸರಿಯಿರಬಹುದು. ಪದ ಅಷ್ಟು ಹೊತ್ತಿಗೆ ಬಂದರಿನಿಂದ ಬಂದರಿಗೆ ಹೊರಟುಹೋಗಿತ್ತು.

ಕೈಕ್ಲೋಸ್ ನಮಗೇನೂ ಪರಕೀಯವಲ್ಲ. ಅದೂ ಸಂಸ್ಕೃತದ ‘ಚಕ್ರ’ವೂ ಒಂದೇ ತಾಯಿಬೇರಿನ ಮಕ್ಕಳು, ಇಂಗ್ಲಿಷಿನ ವೀಲ್ ಕೂಡ. ನಾವು ದಿನವೂ ತುಳಿಯುವ ಸೈಕಲ್ಲಿನಲ್ಲಿರುವುದೂ ಅದೇ ಗ್ರೀಕ್ ಗಾಲಿ. ಹಿಂದಿಯವರು ಸೈಕ್ಲೋನಿಗೆ ‘ಚಕ್ರವಾತ’ ಎನ್ನುತ್ತಾರೆ, ಮರಾಠಿಯವರು ‘ಚಕ್ರೀವಾದಳ’. ಚಕ್ರವಾತ ಪಿಡಿಂಗ್ಟನ್ನನ ಅನುವಾದವೂ ಅಲ್ಲ. ಭಾಗವತದಲ್ಲಿ ಕೂಸು ಕೃಷ್ಣನನ್ನು ಎತ್ತಿಕೊಂಡು ಹೋಗುವ ತೃಣಾವರ್ತ ಬರುವುದೇ ಚಕ್ರವಾತದ ರೂಪದಲ್ಲಿ. ಬಂಗಾಳಿಯ ‘ಘೂರ್ಣಿಝಡ್’ ಎಂದರೆ ಸುತ್ತುವ ಬಿರುಗಾಳಿ. ಮಲಯಾಳದ ‘ಚುಳಲಿಕ್ಕಾಟ್ಟ್’ ಸಹ ಸುಳಿಯ ಗಾಳಿಯೇ. ಕನ್ನಡ ಮಾತ್ರ ಬೇರೆ ದಾರಿ ಹಿಡಿದಿದೆ. ‘ಚಂಡಮಾರುತ’ದಲ್ಲಿ ಉಗ್ರತೆ ಇದೆ, ಚಕ್ರವಿಲ್ಲ. ಪಿಡಿಂಗ್ಟನ್ನನಿಗೆ ಸಾಲದೆಂದು ತೋರಿದ ಗೇಲ್, ಟೆಂಪೆಸ್ಟ್‌ಗಳ ಸಾಲಿಗೆ ಸೇರುವ ಪದ ಅದು. ಸುತ್ತನ್ನು ಹೇಳುವ ಸುಂಟರಗಾಳಿ, ಸುಳಿಗಾಳಿಗಳು ನಮ್ಮಲ್ಲಿ ಇದ್ದೇ ಇದ್ದವು. ಆದರೆ ಅವು ಬೇಸಿಗೆಯ ಹೊಲದಲ್ಲಿ ತರಗೆಲೆ ಎತ್ತುವ ಗಾಳಿಗೆ ಸಂದುಹೋಗಿದ್ದವು. ಐನೂರು ಕಿಲೋಮೀಟರ್ ಅಗಲದ ರಾಕ್ಷಸನಿಗೆ ಅವು ಸಣ್ಣ ಅಂಗಿಯಾದವೇನೋ. ನಾನಾದರೆ ಸುಳಿಗಾಳಿಯನ್ನೇ ಹಿಗ್ಗಿಸಿ ಹೊಲಿಸುತ್ತಿದ್ದೆ.

ಪದ ಕೊಟ್ಟವನ ಮಾತನ್ನು ಸರ್ಕಾರ ಕೇಳಿತೇ ಎಂದರೆ, ಇಲ್ಲ. ಹೂಗ್ಲಿ ಹೂಳು ತುಂಬುತ್ತಿದೆ, ಕಲ್ಕತ್ತೆಯ ಬಂದರಿಗೆ ಬದಲಿ ಬೇಕು ಎಂದು 1850ರ ದಶಕದಲ್ಲಿ ಸುಂದರಬನದ ಅಂಚಿನ ಮಾತ್ಲಾ ನದಿಯ ಮೇಲೆ ಹೊಸ ಬಂದರು ಕಟ್ಟುವ ಯೋಜನೆ ಎದ್ದಿತು. ಮಾತ್ಲಾ ಎಂದರೆ ಬಂಗಾಳಿಯಲ್ಲಿ ಅಮಲೇರಿದ್ದು, ಹೆಸರೇ ಎಚ್ಚರಿಕೆ. 1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದ. ಸೈಕ್ಲೋನಿನಲ್ಲಿ ಕೊಲ್ಲುವುದು ಗಾಳಿಗಿಂತ ಹೆಚ್ಚಾಗಿ ಅದು ತಳ್ಳಿಕೊಂಡು ಬರುವ ಕಡಲು, ಐದರಿಂದ ಹದಿನೈದು ಅಡಿ ಉಪ್ಪುನೀರಿನಲ್ಲಿ ಇಡೀ ಊರು ಮುಳುಗುವ ದಿನ ಬಂದೇ ಬರುತ್ತದೆ ಎಂಬುದು ಅದರ ಸಾರ. ಆಂಧ್ರದ ಕರಾವಳಿಯವರು ಈ ನೀರಿನ ಗೋಡೆಗೆ ‘ಉಪ್ಪೆನ’ ಎನ್ನುತ್ತಾರೆ. ಗೋದಾವರಿಯ ಬಾಯಲ್ಲಿದ್ದ ಕೋರಿಂಗ ಎಂಬ ಬಂದರು 1789ರಲ್ಲಿ ಒಮ್ಮೆ, 1839ರಲ್ಲಿ ಮತ್ತೊಮ್ಮೆ ಹೀಗೇ ನಾಶವಾದದ್ದು ಪಿಡಿಂಗ್ಟನ್ನನ ಕಣ್ಣ ಮುಂದಿತ್ತು. ಕೋರಿಂಗದ ಬಿರುಗಾಳಿಯ ಮೇಲೆ ಬರೆದವನೇ ಅವನು.

ಬಂದರು ಎದ್ದೇ ಎದ್ದಿತು. ಲಾರ್ಡ್ ಕ್ಯಾನಿಂಗ್ ಹೆಸರಿನಲ್ಲಿ ಪೋರ್ಟ್ ಕ್ಯಾನಿಂಗ್ ಆಯಿತು, ಕಲ್ಕತ್ತೆಯಿಂದ ಅಲ್ಲಿಗೆ ರೈಲೂ ಹೋಯಿತು. 1867ರ ನವೆಂಬರಿನಲ್ಲಿ ಸೈಕ್ಲೋನ್ ಬಂತು. ಅಂಥ ಭಾರಿ ಗಾಳಿಯೇನಲ್ಲ, ಮಧ್ಯಮ ತರಹದ್ದು. ಅದರ ಅಲೆಗೇ ಬಂದರು ಮುಗಿಯಿತು. ಪಿಡಿಂಗ್ಟನ್ ಸತ್ತು ಆಗಲೇ ಒಂಬತ್ತು ವರ್ಷ. ಅಮಿತಾವ್ ಘೋಷ್ ‘ದಿ ಹಂಗ್ರಿ ಟೈಡ್’ ಕಾದಂಬರಿಯಲ್ಲಿ ಈ ಕಥೆಯನ್ನು ತಂದ ಮೇಲೆ ಮರೆತುಹೋಗಿದ್ದ ಪಿಡಿಂಗ್ಟನ್ ಮತ್ತೆ ನಾಲ್ಕು ಜನರ ಬಾಯಿಗೆ ಬಂದ. ಇವತ್ತು ಕ್ಯಾನಿಂಗ್ ಸುಂದರಬನಕ್ಕೆ ಹೋಗುವವರು ರೈಲಿಳಿಯುವ ಊರು.

ಪೋರ್ಟ್ ಕ್ಯಾನಿಂಗ್ ಮುಗಿಯುವುದಕ್ಕೂ ಮೂರು ವರ್ಷ ಮೊದಲು, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಯೇ ಸೈಕ್ಲೋನಿನ ಏಟು ತಿಂದಿತ್ತು. ಸತ್ತವರು ಸುಮಾರು 60,000. ಮರುವರ್ಷ ಬಂದರಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಶುರುವಾಯಿತು. ಆ ಹೊಡೆತ, ಅದರ ಬೆನ್ನಿಗೆ ಮಳೆ ಕೈಕೊಟ್ಟು ಬಂದ ಬರಗಳು ಸೇರಿ 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ನಮ್ಮ ದೊಡ್ಡ ಬಂದರುಗಳಲ್ಲಿ ಇಂದಿಗೂ 1ರಿಂದ 11ರವರೆಗಿನ ಸಂಕೇತಗಳನ್ನು ಏರಿಸುತ್ತಾರೆ. ‘ಮಂಗಳೂರಿನಲ್ಲಿ 3ನೇ ನಂಬರ್ ಸಿಗ್ನಲ್’ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಇದೇ. 8ರಿಂದ 10 ಮಹಾ ಅಪಾಯದ ಸೂಚನೆಗಳು. 11ನೆಯದು ಇನ್ನೂ ಒಂದು ಹೆಜ್ಜೆ ಮುಂದೆ: ಹವಾಮಾನ ಕೇಂದ್ರದ ಸಂಪರ್ಕವೇ ಕಡಿದುಹೋಗಿದೆ, ಇನ್ನು ಕೆಟ್ಟದ್ದನ್ನೇ ಎಣಿಸಿಕೊಳ್ಳಿ ಎಂದು ಅರ್ಥ.

ಕಡಲು ದಾಟಿದ ಪದಕ್ಕೆ ಬೇರೆ ಬೇರೆ ಗತಿಗಳಾದವು. ಲಂಡನ್ನಿನಲ್ಲಿ ಡಾರ್ವಿನ್ನನ ಬಂಧು ಫ್ರಾನ್ಸಿಸ್ ಗಾಲ್ಟನ್ 1863ರಲ್ಲಿ ಅದಕ್ಕೊಂದು ವಿರುದ್ಧಪದ ಕಟ್ಟಿದ: ಆಂಟಿಸೈಕ್ಲೋನ್. ವಾಯುಭಾರ ಹೆಚ್ಚಿದ್ದು, ಗಾಳಿ ಉಲ್ಟಾ ಸುತ್ತುತ್ತ, ಆಕಾಶ ತಿಳಿಯಾಗಿರುವ ಸ್ಥಿತಿ ಅದು. ವಿರುದ್ಧಪದ ಬಂದೊಡನೆ ಮೂಲಪದ ಸಾಧುವಾಯಿತು. ಗಾಲ್ಟನ್ನನ ನಂತರದ ವಿಜ್ಞಾನಿಗಳಿಗೆ ಸೈಕ್ಲೋನ್ ಎಂದರೆ ವಾಯುಭಾರ ಕಡಿಮೆಯಿರುವ ಯಾವುದೇ ಸುತ್ತು. ಇಂಗ್ಲೆಂಡಿನಲ್ಲಿ ಕೊಡೆ ಬಿಚ್ಚಿಸುವ ಮಾಮೂಲಿ ಮಳೆಯೂ ಅವರ ಪುಸ್ತಕದಲ್ಲಿ ಸೈಕ್ಲೋನೇ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ನಾರ್ವೆಯ ಬರ್ಗೆನ್‌ನಲ್ಲಿ ಬ್ಯರ್ಕ್‌ನೆಸ್ ತಂದೆಮಗ ಇಂಥ ತಣ್ಣನೆ ಸೀಮೆಯ ಸೈಕ್ಲೋನುಗಳು ಬಿಸಿಗಾಳಿ, ತಣ್ಣಗಾಳಿಗಳ ಗಡಿಯಲ್ಲಿ ಹೇಗೆ ಹುಟ್ಟುತ್ತವೆಂದು ಬಿಡಿಸಿದರು. ಆ ಗಡಿಗೆ ಅವರ ಗುಂಪು ಇಟ್ಟ ಹೆಸರು ‘ಫ್ರಂಟ್’. ಆಗಷ್ಟೇ ತಣ್ಣಗಾಗಿದ್ದ ಯುದ್ಧರಂಗದ ಪದ.

ಅಮೆರಿಕದ ನಡುನಾಡಿನಲ್ಲಿ ಪದ ಅಪ್ಪಟ ತಪ್ಪು ಗಾಳಿಗೆ ಅಂಟಿಕೊಂಡಿತು. ಅಲ್ಲಿ ಕಡಲಿಲ್ಲ, ಆದರೆ ಟಾರ್ನೇಡೋ ಇದೆ. ಅದು ಕೆಲವು ನೂರು ಮೀಟರ್ ಅಗಲದ್ದು, ಬಹುಪಾಲು ನಿಮಿಷಗಳಲ್ಲಿ ಮುಗಿಯುವಂಥದ್ದು. ಸೈಕ್ಲೋನ್ ನೂರಾರು ಕಿಲೋಮೀಟರ್ ಹರಡಿ ದಿನಗಟ್ಟಲೆ ಬದುಕುತ್ತದೆ. ರೈತರಿಗೆ ಆ ಭೇದ ಬೇಕಿರಲಿಲ್ಲ. ಸುತ್ತುತ್ತ ಬಂದು ಚಾವಣಿ ಎತ್ತಿದ್ದು ಸೈಕ್ಲೋನ್, ಅಡಗಿಕೊಳ್ಳಲು ಮನೆಯ ಬುಡದಲ್ಲಿ ತೋಡಿದ ಗುಂಡಿ ‘ಸೈಕ್ಲೋನ್ ಸೆಲ್ಲರ್’. 1900ರಲ್ಲಿ ಬಂದ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ ಕಥೆಯಲ್ಲಿ ಡೊರೊಥಿ ಎಂಬ ಹುಡುಗಿಯ ಮನೆಯನ್ನು ಕಾನ್ಸಸ್ಸಿನಿಂದ ಎತ್ತಿಕೊಂಡು ಹೋಗುವ ಟಾರ್ನೇಡೋಗೆ ಪುಸ್ತಕದಲ್ಲಿ ಹೆಸರು ಸೈಕ್ಲೋನ್. 1895ರಿಂದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೂ ಅದೇ ಹೆಸರು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1927ರಿಂದ ಜನರನ್ನು ಕಿರುಚಿಸುತ್ತಿರುವ ಮರದ ರೋಲರ್ ಕೋಸ್ಟರಿಗೂ.

ಕಾರ್ಖಾನೆಯವರಿಗೆ ಸೈಕ್ಲೋನ್ ಎಂದರೆ ತಗಡಿನ ದೊಡ್ಡ ಕೊಳವೆ, ಕೆಳಗೆ ಚೂಪು. ದೂಳು ತುಂಬಿದ ಗಾಳಿಯನ್ನು ಓರೆಯಾಗಿ ಒಳಗೆ ಬಿಟ್ಟರೆ ಅದು ಸುತ್ತತೊಡಗುತ್ತದೆ. ಭಾರದ ದೂಳು ಗೋಡೆಗೆ ಸಿಡಿದು ಕೆಳಗೆ ಜಾರುತ್ತದೆ, ಹಗುರಾದ ಗಾಳಿ ನಡುವಿನಿಂದ ಮೇಲೆ ಹೋಗುತ್ತದೆ. ಮೊರದಲ್ಲಿ ಕೇರಿದಂತೆ ಕೆಲಸ, ಕೈ ಮಾತ್ರ ಗಾಳಿಯದು. ಅಕ್ಕಿ ಗಿರಣಿ, ಸಿಮೆಂಟ್ ಕಾರ್ಖಾನೆಗಳ ಮಾಡಿನ ಮೇಲೆ ಕಾಣುವ ಆ ಕೊಳವೆಗಳೇ ಅವು. ಇನ್ನೊಂದು ಅರ್ಥವನ್ನು ಬಿಟ್ಟುಬಿಡಲು ಮನಸ್ಸಾಗುತ್ತದೆ, ಆದರೆ ಬಿಡುವಂತಿಲ್ಲ. ಜರ್ಮನಿಯಲ್ಲಿ ‘ತ್ಸಿಕ್ಲೋನ್’ ಎಂಬ ಹೆಸರಿನ ಕೀಟನಾಶಕವಿತ್ತು. ಅದರ ‘ಬಿ’ ನಮೂನೆಯನ್ನು ನಾಜಿಗಳು ಆಶ್ವಿಟ್ಸ್‌ನಂಥ ಶಿಬಿರಗಳಲ್ಲಿ ಜನರನ್ನು ಕೊಲ್ಲಲು ಬಳಸಿದರು. ಒಂದು ಬ್ರಿಟಿಷ್ ಕ್ರೀಡಾ ಕಂಪನಿ ಆ ಹೆಸರಿನ ಓಟದ ಬೂಟು ಮಾರುಕಟ್ಟೆಗೆ ತಂದು, 2002ರಲ್ಲಿ ಜನ ರೊಚ್ಚಿಗೆದ್ದ ಮೇಲೆ ಹೆಸರು ಕಿತ್ತುಹಾಕಿತು. ನಾವಿಕರ ಪ್ರಾಣ ಉಳಿಸಲೆಂದು ಕಟ್ಟಿದ ಪದ.

ಹುಟ್ಟಿದ ಕೊಲ್ಲಿಯಲ್ಲಿ ಮಾತ್ರ ಪದ ತನ್ನ ಕೆಲಸ ಮರೆತಿಲ್ಲ. ನಮ್ಮ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಅದಕ್ಕೆ ಕಟ್ಟುನಿಟ್ಟಿನ ಅಳತೆಯಿದೆ. ಗಾಳಿ ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಅಲ್ಲಿಂದ ಮೇಲೆ ತೀವ್ರ, ಅತಿ ತೀವ್ರ ಎನ್ನುತ್ತ 220 ದಾಟಿದರೆ ಸೂಪರ್ ಸೈಕ್ಲೋನ್. 62ರ ಗೆರೆ ದಾಟಿದೊಡನೆ ಹೆಸರೂ ಸಿಗುತ್ತದೆ. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರಗಳಲ್ಲಿ ಹೀಗೆ ಹೆಸರಿಡುವುದು ಶುರುವಾದದ್ದು 2004ರಲ್ಲಿ. ಸುತ್ತಲಿನ ದೇಶಗಳು ಮೊದಲೇ ಕೊಟ್ಟ ಹೆಸರುಗಳನ್ನು ಸರದಿಯ ಪ್ರಕಾರ ತೆಗೆಯುತ್ತಾರೆ. 2019ರ ಮೇ 3ರಂದು ಪುರಿಯ ಬಳಿ ದಡ ಹತ್ತಿದ ಚಂಡಮಾರುತಕ್ಕೆ ಬಾಂಗ್ಲಾದೇಶ ಕೊಟ್ಟ ಹೆಸರು ಬಂತು. ಇಂಗ್ಲಿಷಿನಲ್ಲಿ ‘ಫಾನಿ’ ಎಂಬಂತೆ ಬರೆದು, ‘ಫೋನಿ’ ಎಂದು ಹೇಳಬೇಕೆಂದು ಸೂಚಿಸಿದರು. ನಮ್ಮ ಪತ್ರಿಕೆಗಳೂ ಫೋನಿ, ಫನಿ ಎಂದು ಬೇಕಾದಂತೆ ಬರೆದವು. ನಿಜಕ್ಕೂ ಅದು ನಮ್ಮ ಫಣಿಯೇ, ಹೆಡೆಯುಳ್ಳ ಹಾವು. ಸಂಸ್ಕೃತದ ಪದ ಬಂಗಾಳಿ ಬಾಯಲ್ಲಿ ದುಂಡಗಾಗಿ, ಇಂಗ್ಲಿಷಿನ ಕಾಗುಣಿತ ಹೊಕ್ಕು, ಕನ್ನಡಕ್ಕೆ ಬರುವಾಗ ಗುರುತು ಸಿಗಲಿಲ್ಲ. ಢಾಕಾದಲ್ಲಿ ಆ ಹೆಸರು ಆರಿಸಿದವರಿಗೆ ಪಿಡಿಂಗ್ಟನ್ನನ ಹಾವು ನೆನಪಿತ್ತೆಂದು ನಾನು ಹೇಳುತ್ತಿಲ್ಲ. ಇಪ್ಪತ್ತು ವರ್ಷ ಮೊದಲು, 1999ರಲ್ಲಿ, ಒಡಿಶಾದ ಸೂಪರ್ ಸೈಕ್ಲೋನ್ ಸುಮಾರು 10,000 ಜನರನ್ನು ಕೊಂದಿತ್ತು. ಫಣಿ ಬರುವ ಮುನ್ನ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕರಾವಳಿಯಿಂದ ಎಬ್ಬಿಸಿ ಕಳಿಸಿದ್ದರು. ಸತ್ತವರ ಸಂಖ್ಯೆ ನೂರರೊಳಗೇ ನಿಂತಿತು.

ಕರ್ನಾಟಕದ ಮಟ್ಟಿಗೆ ಈ ಪದದ ಅರ್ಥ ನಾವು ಹೊಕ್ಕುಳಿನಿಂದ ಎಷ್ಟು ದೂರ ಇದ್ದೇವೆ ಎನ್ನುವುದರ ಮೇಲೆ ನಿಂತಿದೆ. ಬೆಂಗಳೂರಿನವರನ್ನು ಕೇಳಿ. ‘ಏನ್ರೀ ಎರಡು ದಿನದಿಂದ ಬಿಸಿಲೇ ಇಲ್ಲ?’ ‘ಸೈಕ್ಲೋನ್ ಅಂತೆ.’ ಮಾತು ಅಲ್ಲಿಗೆ ಮುಗಿಯಿತು. ನವೆಂಬರ್, ಡಿಸೆಂಬರ್‌ಗಳಲ್ಲಿ ಚೆನ್ನೈ, ಪುದುಚೇರಿಗಳ ಕಡೆ ಮರ ಉರುಳುತ್ತಿರುವಾಗ, ಅದೇ ಗಾಳಿಯ ಸೆರಗು ಮುನ್ನೂರು ಕಿಲೋಮೀಟರ್ ಒಳಗೆ, ಮೂರು ಸಾವಿರ ಅಡಿ ಎತ್ತರದ ಊರಿಗೆ ಬರುವಷ್ಟರಲ್ಲಿ ಜಿಟಿಜಿಟಿ ಹನಿ, ಒಣಗದ ಬಟ್ಟೆ, ಬಜ್ಜಿ ಅಂಗಡಿಯ ಮುಂದೆ ನೂಕುನುಗ್ಗಲು ಆಗಿಬಿಟ್ಟಿರುತ್ತದೆ. 2022ರ ಡಿಸೆಂಬರಿನಲ್ಲಿ ಮಾಂಡೂಸ್ ಮಾಮಲ್ಲಪುರದ ಬಳಿ ದಡ ಸೇರಿದಾಗ ಬೆಂಗಳೂರಿಗರು ಪೆಟ್ಟಿಗೆಯಿಂದ ಸ್ವೆಟರ್ ತೆಗೆದರು. ಚಂಡಮಾರುತ ಎಂದರೆ ಟಿವಿಯವರ ಮಾತು, ಸೈಕ್ಲೋನ್ ಎಂದರೆ ಥಂಡಿ. ಕಲ್ಕತ್ತೆಯ ಮರೀನ್ ಕೋರ್ಟಿನಲ್ಲಿ ನಿಂತ ಕಪ್ತಾನನಿಗೆ ಈ ಅರ್ಥ ಹೇಳಿದ್ದರೆ ಆತ ನಗುತ್ತಿದ್ದನೋ ಅಳುತ್ತಿದ್ದನೋ!

ಸಕಲೇಶಪುರ, ಮೂಡಿಗೆರೆಗಳ ಕಾಫಿ ಬೆಳೆಗಾರ ಅದನ್ನು ಥಂಡಿ ಎನ್ನುವುದಿಲ್ಲ. ಅರೇಬಿಕ ಹಣ್ಣಾಗುವುದು, ಕೊಯ್ದು ಕಣದಲ್ಲಿ ಹರಡುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಮೂರು ದಿನ ಮೋಡ ಕವಿದರೆ ಕಣದ ಕಾಫಿ ಒಣಗದೆ ಬೂಸ್ಟು ಹಿಡಿಯುತ್ತದೆ, ಗಿಡದ ಹಣ್ಣು ಬಿರಿದು ನೆಲಕ್ಕೆ ಉದುರುತ್ತದೆ. ಟಾರ್ಪಾಲು ಮುಚ್ಚು, ತೆಗೆ, ಮತ್ತೆ ಮುಚ್ಚು. ತುಮಕೂರು, ಕೋಲಾರಗಳ ರಾಗಿಯೂ ಆಗ ಕೊಯ್ಲಿನಲ್ಲಿರುತ್ತದೆ. ಮೆದೆ ಹಾಕುವ ಮೊದಲೇ ಹೊಲದಲ್ಲಿ ನೆನೆದ ತೆನೆ ಮೊಳೆಯುತ್ತದೆ. ಇವರ ಸೈಕ್ಲೋನಿನಲ್ಲಿ ಗಾಳಿಯೇ ಇಲ್ಲ. ಬಿಸಿಲಿಲ್ಲದಿರುವುದೇ ಸೈಕ್ಲೋನ್.

ಪಶ್ಚಿಮದ ಕಡಲಿನವರಿಗೆ ಮಾತ್ರ ಪದ ಮೂಲದ ಅರ್ಥದಲ್ಲೇ ಬರುತ್ತದೆ. ಅರಬ್ಬೀ ಸಮುದ್ರದಲ್ಲಿ ಏಳುವ ಹೆಚ್ಚಿನವು ಒಮಾನ್, ಯೆಮನ್‌ಗಳ ಕಡೆ ತಿರುಗುತ್ತವೆ, ಇಲ್ಲವೇ ಕಡಲಿನಲ್ಲೇ ಕರಗುತ್ತವೆ. ಆದರೆ 2021ರ ಮೇನಲ್ಲಿ ತೌಕ್ತೆ ಕರಾವಳಿಯ ಪಕ್ಕಕ್ಕೇ ಉಜ್ಜಿಕೊಂಡು ಗುಜರಾತಿಗೆ ಹೋಯಿತು. ನೆಲಕ್ಕೆ ಕಾಲಿಡದೆಯೇ ಉಳ್ಳಾಲದಿಂದ ಉತ್ತರ ಕನ್ನಡದವರೆಗೆ ಕಡಲಂಚಿನ ಮನೆ, ರಸ್ತೆ, ತೆಂಗುಗಳನ್ನು ಎಳೆದುಕೊಂಡಿತು. ತೌಕ್ತೆ ಎಂದರೆ ಬರ್ಮಾದವರ ನುಡಿಯಲ್ಲಿ ಒಂದು ಜಾತಿಯ ಹಲ್ಲಿ.

ಇಂಥ ಹೆಸರುಗಳಿಗೆ ಈಗ ನಡೆಯುತ್ತಿರುವುದು 2020ರಲ್ಲಿ ಹೊರಬಂದ ಎರಡನೆಯ ಪಟ್ಟಿ. 13 ದೇಶಗಳು, ತಲಾ 13 ಹೆಸರು, ಒಟ್ಟು 169. ಭಾರತದ ಪಾಲಿನಿಂದ ‘ಗತಿ’ 2020ರಲ್ಲಿ ಸೊಮಾಲಿಯಾಕ್ಕೆ ಹೋಯಿತು, ‘ತೇಜ್’ 2023ರಲ್ಲಿ ಯೆಮನ್ನಿಗೆ. ಅವುಗಳ ಹಿಂದೆ ಸಾಲಿನಲ್ಲಿರುವುದು ತಮಿಳಿನ ನಗಾರಿ ‘ಮುರಸು’. ಕೆಳಗೆ ‘ನೀರ್’, ‘ಪ್ರಭಂಜನ್’, ‘ಜಲಧಿ’ಗಳೂ ಇವೆ. ಹತ್ತನೆಯದು ‘ಘೂರ್ನಿ’. ಬಂಗಾಳಿಯಲ್ಲಿ ಸೈಕ್ಲೋನಿಗಿರುವ ಹೆಸರಿನ ಅರ್ಧಭಾಗ ಅದು, ಸುತ್ತುವುದು ಎಂದಷ್ಟೇ ಅರ್ಥ. ಸರದಿ ಬರಲು ಇನ್ನೂ ದಶಕಗಳೇ ಬೇಕಾಗಬಹುದು. ಬಂದ ದಿನ ಕೋಲ್ಕತ್ತದ ವಾರ್ತೆ ಓದುವವರು ‘ಘೂರ್ಣಿಝಡ್ ಘೂರ್ಣಿ’ ಎಂದು ಎರಡು ಸಲ ಸುತ್ತಿ ಹೇಳಬೇಕಾಗುತ್ತದೆ.